ದಾರಿ ತುಳಿಯದೆ ತವರಿಗೆ

ನಾವು ಚಿಕ್ಕವರಿದ್ದಾಗ ವರ್ಷಕ್ಕೆ ಎರಡೇ ಕಾಲ. ಕಾಲುವೆಯಲ್ಲಿ ನೀರಿರುವ ಕಾಲ, ನೀರಿಲ್ಲದ ಕಾಲ. ನೀರಿಲ್ಲದಾಗ ಕಾಲುವೆಯೊಳಗೇ ಗೋಲಿ, ಕುಂಟೆಬಿಲ್ಲೆ, ಚಿನ್ನಿದಾಂಡು. ನೀರು ಬಂದ ಮೇಲೆ ಅದರಲ್ಲೇ ಬಿದ್ದು ಹೊರಳಾಟ. ನೀರು ಬಿಟ್ಟ ದಿನ ಯಾರೂ ಬಂದು ಹೇಳಬೇಕಾಗಿರಲಿಲ್ಲ. ಒಣಗಿ ಬಿರುಕುಬಿಟ್ಟ ಮಣ್ಣಿಗೆ ಮೊದಲ ನೀರು ತಾಕಿದಾಗ ಏಳುವ ವಾಸನೆ ನಮ್ಮ ಇಸ್ಕೂಲಿನ ಕಿಟಕಿಯವರೆಗೂ ಬರುತ್ತಿತ್ತು. ಮುಂದಿನ ಸಾಲಿನವರು ಮೂಗು ಎತ್ತುವಷ್ಟರಲ್ಲಿ ಹಿಂದಿನ ಸಾಲಿನವರು ಬಾಗಿಲು ದಾಟಿರುತ್ತಿದ್ದರು. ಒಣ ಎಲೆ, ಸಗಣಿ, ಯಾರದೋ ಹರಿದ ಚಪ್ಪಲಿ, ಎಲ್ಲವನ್ನೂ ತಳ್ಳಿಕೊಂಡು ಬರುವ ಆ ಮೊದಲ ನೀರಿನ ಜೊತೆ ನಾವು ದಡದ ಮೇಲೆ ಕೂಗುತ್ತಾ ಓಡುತ್ತಿದ್ದೆವು. ಮೇಷ್ಟ್ರೂ ಒಂದು ಗಳಿಗೆ ಬಿಟ್ಟು ಬೀಡಿ ಸೇದುವ ನೆಪದಲ್ಲಿ ದಡಕ್ಕೇ ಬರುತ್ತಿದ್ದರು.

ಚನ್ನಪಟ್ಟಣದ ಕಡೆಯ ಹಳೇ ಕಾಲುವೆ ಅದು. ರಾಜರ ಕಾಲದ್ದು ಅಂತ ಎಲ್ಲರೂ ಹೇಳುತ್ತಿದ್ದರು. ಯಾವ ರಾಜ ಅಂತ ಕೇಳಿದರೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಹೆಸರು. ನಮ್ಮ ಹುಣಸೆದೊಡ್ಡಿಯನ್ನು ದಾಟಿ, ಬಂಡೆಗಳ ನಡುವೆ ಬಳಸಿ, ಅದು ಕಟ್ಟೆಹಳ್ಳಿಗೆ ಹೋಗುತ್ತಿತ್ತು. ಈ ಎರಡೂರಿನ ನಡುವೆ ನೆಲ ತಟ್ಟನೆ ಇಳಿಯುವ ಎರಡು ಜಾಗದಲ್ಲಿ ಜೋಡಿತೂಬು ಕಟ್ಟಿದ್ದರು. ಕಲ್ಲಿನ ದೊಡ್ಡ ತೊಟ್ಟಿ, ಅದರ ಮೇಲ್ಗಡೆ ಒಂದು ಮರದ ಬಾಗಿಲು, ಕೆಳಗಡೆ ಇನ್ನೊಂದು. ಮೇಲಿನದನ್ನು ಎತ್ತಿದರೆ ತೊಟ್ಟಿ ತುಂಬುತ್ತದೆ. ಅದನ್ನು ಇಳಿಸಿ ಕೆಳಗಿನದನ್ನು ಎತ್ತಿದರೆ ತೊಟ್ಟಿ ಬರಿದಾಗುತ್ತದೆ. ಹಿಂದಿನ ಕಾಲದಲ್ಲಿ ತೆಪ್ಪದ ಮೇಲೆ ಸೌದೆ, ಇದ್ದಿಲು ಸಾಗಿಸುತ್ತಿದ್ದರಂತೆ. ತೆಪ್ಪ ಧುಮುಕಿ ಒಡೆಯದೆ ಮೆತ್ತಗೆ ಇಳಿಯಲಿ ಅಂತ ಈ ಏರ್ಪಾಡು. ನಮ್ಮ ಕಾಲಕ್ಕೆ ಅದೆಲ್ಲ ನಿಂತು, ಎರಡು ಬಾಗಿಲನ್ನೂ ಅರೆಬರೆ ಎತ್ತಿಟ್ಟು ಗದ್ದೆಗೆ ನೀರು ಹರಿಸುತ್ತಿದ್ದರು. ಯಾರ ಗದ್ದೆಗೆ ಯಾವ ಹೊತ್ತು ನೀರು ಅಂತ ಸರದಿ ನಡೆಸುತ್ತಿದ್ದವನು ನೀರುಗಂಟಿ ಹೊಂಬಯ್ಯ. ಊರಿನ ಗೌಡರೂ ಅವನ ಮುಂದೆ ದನಿ ತಗ್ಗಿಸುತ್ತಿದ್ದರು. ದನಿ ಏರಿಸಿದರೆ ಬಾಗಿಲು ಇಳಿಯುತ್ತಿತ್ತು!

ನಮ್ಮಜ್ಜಿ ನಿಂಗವ್ವ ಕಟ್ಟೆಹಳ್ಳಿಯ ಮಗಳು. ಅಪ್ಪನ ತಾಯಿ. ಅವಳಿಗೆ ಒಬ್ಬನೇ ತಮ್ಮ, ಚನ್ನೇಗೌಡ. ನಮಗೆಲ್ಲ ಚನ್ನತಾತ. ಆದರೆ ನನಗೆ ಬುದ್ಧಿ ಬಂದಾಗಿನಿಂದ ನಾನು ಅವರ ಮುಖ ಕಂಡಿರಲಿಲ್ಲ. ನಾನಿನ್ನೂ ತೊಟ್ಟಿಲಲ್ಲಿದ್ದಾಗ ಒಂದು ನೀರಿನ ಜಗಳ ಆಗಿತ್ತು. ಚನ್ನತಾತನ ಸರದಿಯ ಹೊತ್ತಿನಲ್ಲಿ ಯಾರೋ ಮೇಲ್ಗಡೆ ಕಾಲುವೆಗೆ ಅಡ್ಡ ಹಲಗೆ ಇಟ್ಟು ನೀರು ತಿರುಗಿಸಿಕೊಂಡಿದ್ದರು. ಆತ ಗುದ್ದಲಿ ಹೊತ್ತು ನಮ್ಮ ಅಂಗಳಕ್ಕೇ ಬಂದು, ಊರಿಗೆ ಊರೇ ಕೇಳುವಂತೆ, ನಮ್ಮ ತಾತನನ್ನು ನೀರುಕಳ್ಳ ಅಂದುಬಿಟ್ಟ. ಅಡುಗೆಮನೆಯಿಂದ ಅಜ್ಜಿ ಮುದ್ದೆ ತೊಳಸುವ ಕೋಲು ಹಿಡಿದೇ ಬಂದಳಂತೆ.

"ನನ್ ಗಂಡನ್ನ ಕಳ್ಳ ಅಂದ್ಯಾ? ಇನ್ಮ್ಯಾಕೆ ನಿನ್ನೂರ ದಾರಿ ತುಳಿದ್ರೆ ನಾನು ನಮ್ಮಪ್ಪನ ಮಗಳೇ ಅಲ್ಲ ಕಣೋ!"

"ನಿನ್ ಮನೆ ಹೊಸಲು ದಾಟಿದ್ರೆ ನಾನೂ ನಮ್ಮಪ್ಪನ ಮಗನೇ ಅಲ್ಲ, ಓಗು!"

ಇಬ್ಬರೂ ಆಣೆಗೆ ಎಳೆದದ್ದು ಒಬ್ಬನೇ ಅಪ್ಪನನ್ನು. ಆ ಪುಣ್ಯಾತ್ಮ ಸತ್ತು ಯಾವ ಕಾಲವಾಗಿತ್ತೋ. ಇವರ ಹಟಕ್ಕೆ ಅವನನ್ನು ನಡುವೆ ನಿಲ್ಲಿಸಿಕೊಂಡರು.

ಗೌರಿ ಹಬ್ಬಕ್ಕೆ ತವರಿನಿಂದ ಮೊರದ ಬಾಗಿನ ಬರಬೇಕಲ್ಲ, ಅದು ಅಲ್ಲಿಗೆ ನಿಂತಿತು. ಒಂದು ವರ್ಷ ಆತ ಯಾರದೋ ಕೈಲಿ ಕಳಿಸಿದನಂತೆ. "ತಮ್ಮ ಕೈಯಾರೆ ಕೊಡೋದು ಬಾಗಿನ, ಊರೋರ ಕೈಲಿ ಬರೋದು ಭಿಕ್ಸೆ" ಅಂತ ಅಜ್ಜಿ ಅದನ್ನು ಹಾಗೇ ಹಿಂದಕ್ಕೆ ಕಳಿಸಿದಳು. ಅಲ್ಲಿಂದ ಮುಂದೆ ಪ್ರತಿ ವರ್ಷ ಗೌರಿ ಹಬ್ಬದ ಹಿಂದುಮುಂದು ನಮ್ಮ ಮನೆಯಲ್ಲಿ ಎಲ್ಲರೂ ಅಜ್ಜಿಯ ಮುಖ ನೋಡಿಕೊಂಡು ಓಡಾಡಬೇಕಾಗಿತ್ತು. ಪಾತ್ರೆ ಸದ್ದಾದರೂ ಬೈಗುಳ. ನನಗಂತೂ ಬಾಗಿನ ಅಂದರೆ ಬೈಗುಳದ ಇನ್ನೊಂದು ಹೆಸರು ಅಂತಲೇ ಅನ್ನಿಸಿತ್ತು.

ನಾನು ಮೂರನೇ ಕ್ಲಾಸಿನಲ್ಲಿದ್ದ ವರ್ಷ ಹಬ್ಬಕ್ಕೆ ಒಂದು ವಾರ ಇರುವಾಗ ಹೊಂಬಯ್ಯ ನಮ್ಮ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಾ ಒಂದು ಮಾತು ಆಡಿದ.

"ನಿನ್ ತಮ್ಮಂಗೆ ಕಣ್ಣು ಮಂಜಾಯ್ತಾ ಐತೆ ಕಣವ್ವ. ಆಸ್ಪತ್ರೇಲಿ ತೋರ್ಸವ್ರೆ. ಒಂದು ಆಗ್ಲೇ ಓಗೈತಂತೆ, ಇನ್ನೊಂದು ಎಷ್ಟು ದಿನ್ವೋ ಗೊತ್ತಿಲ್ಲ ಅಂದವ್ರಂತೆ. ಮೊಮ್ಮಗಳ ಕೈ ಹಿಡ್ಕಂಡು ಗದ್ದೆಗೆ ಬತ್ತಾನೆ."

ಅಜ್ಜಿ ಅವನ ಕೈಯಿಂದ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು. ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ರಾಗಿ ಬೀಸುತ್ತಿದ್ದವಳು ಕಲ್ಲು ನಿಲ್ಲಿಸಿ ಅಮ್ಮನಿಗೆ ಹೇಳಿದಳು. "ಅವ್ನ ಕಣ್ಣು ಪೂರ್ತಿ ಓಗಕ್ಕೆ ಮುಂಚೆ ನನ್ ಮೊಕ ಒಂದ್ಸಲ ನೋಡ್ಲಿ ಕಣೆ. ಆಮೇಲೆ ಬೈಕಂಡ್ರೂ ಬೈಕಳ್ಲಿ."

"ಹಂಗಾರೆ ಬಸ್ಸಿಗೆ ಹತ್ತುಸ್ತೀನಿ, ಹೋಗ್ಬುಟ್ಟು ಬಾ ಅತ್ತೆ," ಅಂದಳು ಅಮ್ಮ.

"ದಾರಿ ತುಳಿಯಲ್ಲ ಅಂದಿವ್ನಿ. ಬಸ್ಸೇನು ಆಕಾಸದಲ್ಲಿ ಓಯ್ತದಾ? ಇಳಿದ್ಮ್ಯಾಲೆ ತುಳೀಬೇಕು ತಾನೆ?"

ಎರಡು ದಿನ ಅವಳು ಹಟ್ಟಿಗೂ ಹಿತ್ತಲಿಗೂ ಓಡಾಡಿದಳು. ಮೂರನೆಯ ಬೆಳಿಗ್ಗೆ ಎದ್ದವಳ ಮುಖ ನೋಡಬೇಕಿತ್ತು ನೀವು! ಹೊಸ ಸೀರೆ ಕೊಡಿಸಿದ ಹಾಗೆ ಅರಳಿತ್ತು. ನೇರ ತಾತನ ಮುಂದೆ ನಿಂತು, "ನಮ್ ತವರುಮನೆ ಹಿತ್ತಲಲ್ಲೇ ಕಾಲುವೆ ಓಯ್ತದಲ್ವಾ?" ಅಂದಳು.

"ಓಯ್ತದೆ. ಅದಕ್ಕೇನೀಗ?"

"ನೀರ್ನ ಮ್ಯಾಲೆ ಓಯ್ತೀನಿ. ಅವ್ನು ಬಾಗಿನ ತಂದ್ಕೊಡಲ್ಲ ಅಂದ್ರೆ ನಾನೇ ಓಗಿ ಕಿತ್ಕಂಡ್ ಬತ್ತೀನಿ."

ತಾತ ಬಾಯಲ್ಲಿದ್ದ ಎಲೆಅಡಿಕೆ ಉಗಿದು ನಕ್ಕರು. ಯಾವ ಊರಿನ ಹೆಂಗಸಾದರೂ ಕರೆಯದೆ ಹೋಗಿ ಬಾಗಿನ ಕೇಳಿದ್ದು ಉಂಟೇ! ಆದರೆ ಅಜ್ಜಿಗೆ ಎದುರಾಡುವ ಧೈರ್ಯ ಅವರಿಗೂ ಇರಲಿಲ್ಲ. ಅಲ್ಲದೆ ಆ ಹಲಗೆಯ ಮಾತು ಎತ್ತಿದಾಗಲೆಲ್ಲ ಅವರು ಯಾಕೋ ಎಮ್ಮೆ ನೋಡಲು ಎದ್ದು ಹೋಗುತ್ತಿದ್ದರು. ಅವತ್ತೂ ಎಮ್ಮೆ ನೋಡಲು ಹೋದರು.

ತೆಪ್ಪ ಮಸ್ತಾನ್ ಸಾಬರದು. ಅವರ ಅಣ್ಣಂದಿರು ಚನ್ನಪಟ್ಟಣದ ಪೇಟೆಯಲ್ಲಿ ಮರದ ಬೊಂಬೆ ಕಡೆಯುವವರು. ಇವರಿಗೆ ಮಾತ್ರ ಕೂತಲ್ಲೇ ಕೂತು ಮಾಡುವ ಕೆಲಸ ಒಗ್ಗದೆ ನಮ್ಮೂರ ಕೆರೆಯಲ್ಲಿ ಮೀನು ಹಿಡಿದುಕೊಂಡಿದ್ದರು. ಅಜ್ಜಿ ಹೋಗಿ ಕೇಳಿದಾಗ ಅವರು ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

"ಅಲ್ಲಾ ನಿಂಗಕ್ಕ, ಕೆರೆ ಬೇರೆ, ಕಾಲುವೆ ಬೇರೆ. ಜೋಡಿತೂಬು ಐತೆ ನಡುವೆ. ಸಾಯಕ್ಕೆ ಹೊಂಟಿದ್ದೀಯಾ ತವರಿಗೆ ಹೊಂಟಿದ್ದೀಯಾ?"

"ನೀನು ಬರ್ದಿದ್ರೆ ತೆಪ್ಪ ಕೊಡು, ನಾನೇ ಹುಟ್ಟು ಹಾಕ್ಕಂಡ್ ಓಯ್ತೀನಿ."

"ಬತ್ತೀನಿ ಬುಡು. ನಿನ್ನ ಒಬ್ಳೇ ಕಳ್ಸಿದ್ರೆ ಕಾಲುವೆ ಗತಿ ಏನಾಯ್ತದೋ!"

ಹಬ್ಬದ ಹಿಂದಿನ ದಿನ ಬೆಳಿಗ್ಗೆ ನಾವು ಹೊರಟೆವು. ತೆಪ್ಪ ಅಂದರೆ ಬಿದಿರಿನ ದುಂಡು ಬುಟ್ಟಿ, ಅದಕ್ಕೆ ಹೊಸದಾಗಿ ಟಾರು ಬಳಿದಿದ್ದರು. ಆ ಟಾರಿನ ವಾಸನೆಯ ಜೊತೆಗೆ ಅಜ್ಜಿ ತಮ್ಮನಿಗೆ ಅಂತ ಕರಿದು ತಂದಿದ್ದ ಕಜ್ಜಾಯದ ವಾಸನೆ. ಈಗಲೂ ರಸ್ತೆಗೆ ಟಾರು ಹಾಕುವುದು ಕಂಡರೆ ನನಗೆ ಬಾಯಲ್ಲಿ ನೀರೂರುತ್ತದೆ, ನಗಬೇಡಿ. ನನ್ನನ್ನು ಕರೆದುಕೊಂಡು ಹೋದದ್ದು ಪ್ರೀತಿಗಲ್ಲ. ತೆಪ್ಪ ಒಂದು ಕಡೆ ವಾಲದ ಹಾಗೆ ಎದುರು ಬದಿಗೆ ಒಬ್ಬರು ಬೇಕಿತ್ತು. ಅಜ್ಜಿಯ ತೂಕಕ್ಕೆ ನಾನು, ಕಜ್ಜಾಯದ ಡಬ್ಬಿ, ಮರದಲ್ಲಿ ಕೊನೆಗೆ ಉಳಿದಿದ್ದ ಒಂದು ಹಲಸಿನಹಣ್ಣು, ನಾಲ್ಕು ಸೇರು ಹೊಸ ಅವಲಕ್ಕಿ, ಇಷ್ಟೂ ಸೇರಿ ಸರಿಹೋಯಿತು.

ಮೊದಲ ತಿರುವಿನಲ್ಲೇ ತೆಪ್ಪ ಬುಗುರಿಯ ಹಾಗೆ ತಿರುಗಿತು. ಅಜ್ಜಿ ಒಂದು ಕೈಲಿ ಸೆರಗು, ಇನ್ನೊಂದು ಕೈಲಿ ನನ್ನ ಜುಟ್ಟು ಹಿಡಿದುಕೊಂಡಳು. ನನಗೆ ನಗು ತಡೆಯಲಾಗಲಿಲ್ಲ. ದಡದಲ್ಲಿ ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ತೊಳೆಯುತ್ತಿದ್ದ ಹೆಂಗಸರು ಕೈಕೆಲಸ ಬಿಟ್ಟು ಎದ್ದು ನಿಂತರು.

"ಎಲ್ಲಿಗೆ ಹೊಂಟ್ಯೆ ನಿಂಗವ್ವ, ಗಂಗಮ್ಮನಂಗೆ?"

"ತವರಿಗೆ ಕಣ್ರೇ!"

"ದಾರಿ ತುಳಿಯಲ್ಲ ಅಂದಿದ್ದೆ?"

"ತುಳೀತಾ ಇವ್ನಾ? ತೇಲ್ತಾ ಇವ್ನಿ, ಕಣ್ ಕಾಣಾಕಿಲ್ವಾ?"

ಅವರು ನಕ್ಕ ನಗು ತಿರುವು ದಾಟುವವರೆಗೂ ಕೇಳಿಸುತ್ತಿತ್ತು. ಎರಡೂ ದಡದಲ್ಲಿ ಹೊಂಗೆ ಮರಗಳು ಬಗ್ಗಿ ನಡುವೆ ತಣ್ಣಗೆ ನೆರಳು. ಕಿರುಸೇತುವೆ ಬಂದಾಗ ಮೂವರೂ ಹಲಸಿನಹಣ್ಣಿನ ಮೇಲೆ ತಲೆಯಿಟ್ಟು ಬಗ್ಗಿದೆವು. ಒಂದು ಕಡೆ ಎಮ್ಮೆಗಳು ನೀರಿನ ತುಂಬ ಮಲಗಿ ದಾರಿಯನ್ನೇ ಬಿಡಲಿಲ್ಲ. ಮಸ್ತಾನ್ ಸಾಬರು ಉರ್ದುವಿನಲ್ಲಿ ಬೈದರು, ಅಜ್ಜಿ ಕನ್ನಡದಲ್ಲಿ ಬೈದಳು. ಎಮ್ಮೆಗಳು ಎರಡನ್ನೂ ಕೇಳಿಸಿಕೊಂಡು, ಬಾಲ ಒಂದು ಸಲ ಆಡಿಸಿ, ತಮಗೆ ಬೇಕಾದಾಗ ಎದ್ದವು. ನಾನು ನೀರಿಗೆ ಕೈ ಇಳಿಬಿಟ್ಟು ಕೂತಿದ್ದೆ. ಬೆರಳ ಸಂದಿನಲ್ಲಿ ನೀರು ಕಚಗುಳಿಯಿಡುತ್ತಾ ಹೋಗುವ ಆ ಸುಖ, ಅಬ್ಬಾ, ಅದನ್ನು ಹೇಗೆ ಹೇಳಲಿ? ಇಸ್ಕೂಲಿನಲ್ಲಿ ಎಲ್ಲರೂ ಮಗ್ಗಿ ಹೇಳುತ್ತಿದ್ದಾರೆ, ನಾನು ಇಲ್ಲಿ ಮಹಾರಾಣಿಯ ಹಾಗೆ ತೇಲುತ್ತಿದ್ದೇನೆ ಅನ್ನುವುದೇ ನನಗೆ ಆ ದಿನದ ಅರ್ಧ ಹಬ್ಬ.

ಮೊದಲ ಜೋಡಿತೂಬಿನ ಬಾಗಿಲು ಮುರಿದು ಹೋಗಿತ್ತು. ನೀರು ಅಲ್ಲಿ ಬಂಡೆಯ ಮೇಲೆ ಭೋರೆಂದು ಧುಮುಕುತ್ತಿತ್ತು. ಇನ್ನೂ ನಮ್ಮೂರ ಎಲ್ಲೆಯಾದ್ದರಿಂದ ಅಜ್ಜಿ ಇಳಿದು ನಡೆದಳು. ಮಸ್ತಾನ್ ಸಾಬರು ತೆಪ್ಪವನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತರು. ಹಿಂದಿನಿಂದ ನೋಡಿದರೆ ಒಂದು ದೊಡ್ಡ ಆಮೆಗೆ ಎರಡು ಸಣ್ಣ ಕಾಲು. ಅದರೊಳಗಿಂದ, "ಅಕ್ಕಾ, ಕಲ್ಲು ಐತಾ ಮುಂದೆ? ಯೋಳಕ್ಕಾ!" ಅಂತ ಅವರ ದನಿ ಬಾವಿಯೊಳಗಿಂದ ಬಂದ ಹಾಗೆ ಬರುತ್ತಿತ್ತು. ಅಜ್ಜಿ "ಎಡಕ್ಕೆ, ಎಡಕ್ಕೆ" ಅಂದಳು. ಅವಳಿಗೆ ಎಡಬಲ ಯಾವತ್ತೂ ಸರಿಯಾಗಿ ಗೊತ್ತಿರಲಿಲ್ಲ. ಸಾಬರು ನೇರ ಲಂಟಾನದ ಪೊದೆಯೊಳಕ್ಕೆ ಹೋದರು.

ಮತ್ತೆ ನೀರಿಗೆ ಇಳಿದು ಒಂದಷ್ಟು ದೂರ ಹೋದ ಮೇಲೆ ಗಡಿಕಲ್ಲು ಬಂತು. ಅಜ್ಜಿ ಮಾತು ನಿಲ್ಲಿಸಿ, ಎರಡೂ ಕಾಲು ಮಡಚಿ ಸೀರೆಯೊಳಗೆ ಸೇರಿಸಿಕೊಂಡಳು. "ಇನ್ನು ನಾನು ಕೆಳಕ್ಕೆ ಕಾಲಿಕ್ಕಲ್ಲ. ಏನಾದ್ರೂ ಆಗ್ಲಿ," ಅಂದಳು. ಅಲ್ಲಿಂದ ಕಟ್ಟೆಹಳ್ಳಿಯ ಎಲ್ಲೆ. ಎರಡನೆಯ ಜೋಡಿತೂಬು ಇದ್ದದ್ದು ಆ ಎಲ್ಲೆಯೊಳಗೆ. ಅಂದರೆ ಅಲ್ಲಿ ಇಳಿದು ನಡೆಯುವ ಹಾಗಿಲ್ಲ. ತೊಟ್ಟಿಯೊಳಗೇ, ತೆಪ್ಪದ ಸಮೇತ ಇಳಿಯಬೇಕು.

ಹೊಂಬಯ್ಯ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದ. ಸಂಗತಿ ಕೇಳಿ ತಲೆ ಕೆರೆದುಕೊಂಡ.

"ತೊಟ್ಟಿ ತುಂಬ್ಬೇಕಾದ್ರೆ ಕೆಳಗಿನ ಬಾಗ್ಲು ಪೂರ್ತಿ ಮುಚ್ಬೇಕು ಕಣವ್ವ. ಮುಚ್ಚಿದ್ರೆ ಕೆಳಗಡೆ ಗದ್ದೆಗೆ ನೀರು ನಿಂತೋಯ್ತದೆ. ಇವತ್ತು ಸರದಿ ಯಾರ್ದು ಗೊತ್ತಾ? ನಿನ್ ತಮ್ಮಂದೇ! ನಾಟಿ ಮಾಡಿ ಇನ್ನೂ ಬೇರು ಕಚ್ಚಿಲ್ಲ. ನೀರು ನಿಂತ್ರೆ ಅವ್ನು ನನ್ನ ಉಳ್ಸಾಕಿಲ್ಲ."

"ನೀರು ನಿಂತ್ರೆ ಇಲ್ಲಿಗೇ ಬತ್ತಾನಲ್ವಾ?" ಅಂದಳು ಅಜ್ಜಿ.

"ಬರ್ದೆ ಇರ್ತಾನಾ? ಗುದ್ದಲಿ ತಗಂಡೇ ಬತ್ತಾನೆ."

"ಬರ್ಲಿ. ಮುಚ್ಚು."

ಹೊಂಬಯ್ಯ ದೇವರನ್ನು ನೆನೆದು ಕೆಳಗಿನ ಬಾಗಿಲು ಇಳಿಸಿದ. ತೊಟ್ಟಿ ತುಂಬುತ್ತಾ ಬಂತು. ಕಲ್ಲಿನ ಸಂದಿಯಲ್ಲಿದ್ದ ಏಡಿಗಳು ಮೇಲಕ್ಕೆ ಹತ್ತಿದವು. ತುಂಬಿದ ಮೇಲೆ ಮಸ್ತಾನ್ ಸಾಬರು ತೆಪ್ಪವನ್ನು ಒಳಕ್ಕೆ ತಂದರು. ಹಿಂದೆ ಮೇಲಿನ ಬಾಗಿಲು ದಡ್ ಅಂತ ಇಳಿಯಿತು. ಮುಂದೆ ಕೆಳಗಿನದು ಗೇಣಷ್ಟು ಎದ್ದಿತು. ನಾವು ಬಾವಿಗೆ ಬಿಟ್ಟ ಕೊಡದ ಹಾಗೆ ಮೆಲ್ಲಗೆ ಕೆಳಗಿಳಿಯತೊಡಗಿದೆವು. ಪಾಚಿ ಹಿಡಿದ ಗೋಡೆ ನಮ್ಮ ಪಕ್ಕದಲ್ಲೇ ಬೆಳೆಯುತ್ತಾ ಹೋಯಿತು. ಆಕಾಶ ಚೌಕಾಕಾರವಾಯಿತು. ಕೂಗಿದರೆ ನಮ್ಮ ದನಿ ನಮಗೇ ತಿರುಗಿ ಬರುತ್ತಿತ್ತು. ನಾನು ಕೂಗಿಯೇ ಕೂಗಿದೆ.

ಅರ್ಧ ಇಳಿದಿದ್ದೆವೋ ಇಲ್ಲವೋ, ದಡದ ಮೇಲೆ ಗುಡುಗು ಶುರುವಾಯಿತು.

"ಯಾವನ್ಲಾ ಅವ್ನು ನನ್ ನೀರು ಕಟ್ಟಿರೋನು? ಹೊಂಬಯ್ಯಾ! ಎಲ್ ಸತ್ತೆ?"

ತಲೆಯೆತ್ತಿ ನೋಡಿದೆ. ಪಂಚೆ ಎತ್ತಿಕಟ್ಟಿದ ಒಬ್ಬರು ಮುದುಕರು, ಹೆಗಲ ಮೇಲೆ ಗುದ್ದಲಿ. ಅವರ ಇನ್ನೊಂದು ಕೈ ಹಿಡಿದುಕೊಂಡು ನನ್ನಷ್ಟೇ ಎತ್ತರದ ಒಬ್ಬಳು ಹುಡುಗಿ, ಎರಡು ಜಡೆ, ಎರಡಕ್ಕೂ ಬೇರೆ ಬೇರೆ ಬಣ್ಣದ ಟೇಪು. ಅವಳೇ ಅವರ ಮೊಮ್ಮಗಳು ಸವಿತ. ಹೊಂಬಯ್ಯ ತೊಟ್ಟಿಯ ಕಡೆ ಕೈ ತೋರಿಸಿದ. ಅವರು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದರು.

"ಒಳಗ್ಯಾರು ಅದು? ನಂಗೆ ಸರ್ಯಾಗಿ ಕಾಣಾಕಿಲ್ಲ, ಯೋಳ್ಬಾರ್ದಾ?"

"ಯಾರೋ ಅಜ್ಜಿ ಕಣ್ ತಾತ. ತೆಪ್ಪದಲ್ಲಿ ಕೂತವ್ರೆ," ಅಂದಳು ಸವಿತ.

"ಅಜ್ಜಿನೋ ಮುತ್ತಜ್ಜಿನೋ! ನನ್ ಪೈರು ಒಣಗ್ತಾ ಐತೆ. ಎತ್ತು ಹೊಂಬಯ್ಯ ಬಾಗ್ಲ, ಪೂರ್ತಿ ಎತ್ತು!"

ಮಸ್ತಾನ್ ಸಾಬರು ಗಾಬರಿಯಿಂದ ಎದ್ದೇ ಬಿಟ್ಟರು. ತೆಪ್ಪ ಓಲಾಡಿತು. "ಅರೆ ಬೇಡ ಗೌಡ್ರೇ! ಒಂದೇ ಸಲ ಎತ್ತಿದ್ರೆ ಮಗುಚ್ಕಳ್ತದೆ. ಮಗು ಐತೆ ಇದ್ರಲ್ಲಿ!"

ಆಗ ಅಜ್ಜಿ ಬಾಯಿ ಬಿಟ್ಟಳು. ಅಷ್ಟು ಹೊತ್ತು ಅವಳು ಸುಮ್ಮನಿದ್ದದ್ದು ಹೆದರಿಕೆಗೋ, ತಮ್ಮನ ದನಿಯನ್ನು ಇನ್ನೊಂದಿಷ್ಟು ಕೇಳಿಸಿಕೊಳ್ಳಲಿಕ್ಕೋ, ನನಗೆ ತಿಳಿಯದು.

"ಎತ್ಸೋ, ಎತ್ಸು ಗೊಣ್ಣೆಚನ್ನ. ಅಕ್ಕ ಕೊಚ್ಕಂಡ್ ಓದ್ರೆ ಬಾಗಿನ ಕೊಡೋ ತಾಪತ್ರಯನಾದ್ರೂ ತಪ್ತದೆ."

ಗುದ್ದಲಿ ಠಣ್ ಅಂತ ಕಲ್ಲಿನ ಮೇಲೆ ಬಿತ್ತು. ಚನ್ನತಾತ ಆ ಒದ್ದೆ ಚಪ್ಪಡಿಯ ಮೇಲೆ ಬೋರಲು ಮಲಗಿ, ತಲೆಯನ್ನು ತೊಟ್ಟಿಯೊಳಕ್ಕೆ ಇಳಿಬಿಟ್ಟರು. ಸವಿತ ಅವರ ಎರಡೂ ಕಾಲು ಹಿಡಿದುಕೊಂಡಳು.

"ಅಕ್ಕಾ?"

"ಹೂಂ ಕಣೋ."

"ನೀನೇನಾ ಅಕ್ಕಾ?"

"ನಾನೇ. ಇನ್ನೂ ನಮ್ಮಪ್ಪನ ಮಗಳೇ. ನೋಡ್ಕ, ದಾರಿ ತುಳಿದಿಲ್ಲ." ಅಜ್ಜಿ ಸೀರೆಯೊಳಗಿಂದ ಎರಡೂ ಕಾಲು ಹೊರಕ್ಕೆ ಚಾಚಿ ತೋರಿಸಿದಳು. ಅರಿಶಿಣ ಹಚ್ಚಿದ ಪಾದ. ಒಂದು ಚೂರು ಮಣ್ಣಿಲ್ಲ.

ಅವರಿಗೆ ಅದು ಕಾಣಿಸಿತೋ ಇಲ್ಲವೋ. ತಲೆಕೆಳಗಾಗಿ ಮಲಗಿದ್ದ ಆ ಮುದುಕರ ಕಣ್ಣೀರು ಹಣೆಯ ಕಡೆಗೆ ಹರಿಯಿತು. ನಾನು ಅಂಥದ್ದನ್ನು ಎಂದೂ ಕಂಡಿರಲಿಲ್ಲ. ನನಗೆ ಮೊದಲು ನಗು ಬಂತು, ಆಮೇಲೆ ಅಜ್ಜಿಯ ಸೆರಗು ಹಿಡಿದುಕೊಂಡೆ.

"ಗೌಡ್ರೇ, ಈಗ ಏನ್ಮಾಡ್ಲಿ? ಬಾಗ್ಲು ಪೂರ್ತಿ ಎತ್ಲಾ?" ಹೊಂಬಯ್ಯ ಬೇಕಂತಲೇ ಕೇಳಿದ.

"ಬಾಯ್ಮುಚ್ಚು! ಒಸಿ ಒಸಿ ಬುಡು. ಹೊತ್ತು ಮುಳುಗಿದ್ರೂ ಸರಿ, ತೆಪ್ಪ ಅಲ್ಲಾಡ್ಬಾರ್ದು."

"ಪೈರು ಒಣಗ್ತದೆ ಅಂದ್ರಲ್ಲ. ನಾಳೆ ನಿಮ್ ಸರದಿ ಇಲ್ಲ."

"ಒಣಗ್ಲಿ ಬುಡು ಅತ್ಲಾಗೆ! ಪೈರು ಇನ್ನೊಂದ್ಸಲ ನಾಟಿ ಹಾಕಬೌದು."

ಬಾಗಿಲು ಬೆರಳಷ್ಟು ಬೆರಳಷ್ಟೇ ಎದ್ದಿತು. ನಾವು ಕೆಳಗಿಳಿಯುವವರೆಗೂ ಅವರು ಹಾಗೇ ಮಲಗಿ ಅಕ್ಕನ ಜೊತೆ ಮಾತಾಡುತ್ತಿದ್ದರು. ಮಾತೆಂದರೆ ಎಂಥದು, ಕೆಂದ ಹಸು ಕರು ಹಾಕಿತಾ, ಹಿತ್ತಲ ನೆಲ್ಲಿಕಾಯಿ ಮರ ಇದೆಯಾ, ಅಷ್ಟೇ. ಇಷ್ಟು ವರ್ಷ ಕಟ್ಟಿಟ್ಟದ್ದನ್ನು ಇಬ್ಬರೂ ನೆಲ್ಲಿಕಾಯಿ ಮರದಿಂದ ಶುರು ಮಾಡಿದರು.

ಅಲ್ಲಿಂದ ಅವರ ಹಿತ್ತಲು ಕೂಗಳತೆ. ಸವಿತ ಓಡಿ ಸುದ್ದಿ ಮುಟ್ಟಿಸಿದ್ದಳು. ನಾವು ತಲುಪುವಷ್ಟರಲ್ಲಿ ಅರ್ಧ ಊರು ದಡದಲ್ಲಿತ್ತು. ಚನ್ನತಾತ ಕೈ ಚಾಚಿದರು. "ಇಳಿಯಕ್ಕ."

"ಇಳಿಯಾಕಿಲ್ಲ."

"ಇನ್ನೂ ಏನಕ್ಕ?"

"ಹಿತ್ತಲಲ್ಲಿ ಕಾಲುದಾರಿ ಐತಲ್ಲ, ಅದೂ ನಿನ್ನೂರ ದಾರಿಯೇ. ಸತ್ತಿರೋ ಅಪ್ಪನ ಮ್ಯಾಲಿಟ್ಟ ಆಣೆ ಕಣೋ."

ಚನ್ನತಾತ ಪಂಚೆ ಬಿಗಿದು ಕಟ್ಟಿ ಕಾಲುವೆಗೇ ಇಳಿದರು. "ಬನ್ರೋ! ತೆಪ್ಪಾನೇ ಎತ್ತಿ!" ಅಂದರು. ನಾಲ್ಕಾರು ಗಂಡಸರು ಹಿಂದೆಯೇ ಧುಮುಕಿದರು. ಮಸ್ತಾನ್ ಸಾಬರು "ಯಾ ಅಲ್ಲಾ, ನನ್ ತೆಪ್ಪ ಮುರೀತದೆ" ಅಂತ ಕೂಗುತ್ತಲೇ ತಾವೂ ಒಂದು ಕಡೆ ಹೆಗಲು ಕೊಟ್ಟರು. ಅಜ್ಜಿ, ನಾನು, ಕಜ್ಜಾಯ, ಹಲಸಿನಹಣ್ಣು, ಎಲ್ಲ ಸಮೇತ ತೆಪ್ಪ ಗಾಳಿಯಲ್ಲಿ ಎದ್ದಿತು. ತಳದಿಂದ ಸೋರುವ ನೀರು ಹೊತ್ತವರ ತಲೆಯ ಮೇಲೆ ಸುರಿಯಿತು. "ಗೌರಮ್ಮ ಒಂದು ದಿನ ಮುಂಚೇನೇ ಬಂದ್ಬುಟ್ಲು!" ಅಂತ ಯಾರೋ ಕೂಗಿದರು. ಅಜ್ಜಿ ಮೇಲಿನಿಂದ, "ನೆಟ್ಟಗೆ ಹಿಡೀರ್ಲಾ, ಮಗ ಬೀಳ್ತದೆ" ಅಂತ ಗದರುತ್ತಿದ್ದಳು. ಗದರುವಾಗ ಅವಳ ಮುಖದಲ್ಲಿ ಅಷ್ಟಗಲ ನಗು. ನನ್ನ ಜೀವಮಾನದಲ್ಲಿ ಮತ್ತೆ ಯಾರೂ ನನ್ನನ್ನು ಹಾಗೆ ಮೆರವಣಿಗೆ ಮಾಡಿಲ್ಲ. ಮದುವೆಯಲ್ಲೂ ಕಾರಿನಲ್ಲೇ ಕೂರಿಸಿದರು.

ಬಾಗಿಲಿಗೆ ಬಂದರೆ ತೆಪ್ಪ ಬಾಗಿಲಿಗಿಂತ ಅಗಲ. ವಾಲಿಸಿ ನೋಡಿದರು, ತಿರುಗಿಸಿ ನೋಡಿದರು, ಹಲಸಿನಹಣ್ಣು ಉರುಳಿ ಬಿತ್ತು. ಕೊನೆಗೆ ಅಜ್ಜಿಯೇ, "ಜಗಲಿಗೆ ಆನಿಸ್ರೋ. ಮನೆ ಒಳಗೆ ನೆಲ ಐತೆ, ದಾರಿ ಇಲ್ಲ" ಅಂದವಳೇ ತೆಪ್ಪದಿಂದ ನೇರ ಜ‌ಗಲಿಗೆ, ಜಗಲಿಯಿಂದ ನಡುಮನೆಗೆ ಹಾರಿದಳು. ಎಲ್ಲಿತ್ತೋ ಆ ಮಂಡಿಗೆ ಅಷ್ಟು ಶಕ್ತಿ!

ಒಳಗೆ ಚನ್ನತಾತ ಅವಳನ್ನು ಬೆಳಕಿಗೆ ಕೂರಿಸಿ, ಮುಖವನ್ನು ಎರಡೂ ಕೈಲಿ ಹಿಡಿದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು.

"ಮುದುಕಿ ಆಗ್ಬುಟ್ಟಿದ್ದೀಯ ಕಣಕ್ಕ."

"ನೀನೇನ್ ಎಳೇ ಹುಡ್ಗನಾ? ಹಲ್ಲೆಲ್ಲ ಎಲ್ಲಿಕ್ಕಿದೆ?"

ನಕ್ಕರು. ನಕ್ಕು ಮುಗಿದ ಮೇಲೆ ಅವರು ದನಿ ತಗ್ಗಿಸಿ, "ಈಗಾದ್ರೂ ನಿಜ ಯೋಳಕ್ಕ. ಅವತ್ತು ಹಲಗೆ ಇಟ್ಟಿದ್ದು ಭಾವನೇ ತಾನೆ?" ಅಂತ ಕೇಳಿದರು.

"ಅವ್ರೇ ಕಣೋ. ಇನ್ಯಾರು ಇಟ್ಟಾರು! ನಂಗವತ್ತೇ ಗೊತ್ತಿತ್ತು. ಒಳಕ್ಕೆ ಬಂದು ನನ್ನ ಕಿವೀಲಿ ಅಂದಿದ್ರೆ ನಿನ್ನ ಜೊತೆ ಸೇರ್ಕಂಡು ನಾನೂ ಬೈತಿದ್ದೆ. ಅಂಗಳದಲ್ಲಿ ನಿಂತ್ಕಂಡು ಅಂದ್ಯಲ್ಲ ನೀನು."

ಅವರ ಹೆಂಡತಿ ಕೆಂಪಮ್ಮಜ್ಜಿ ಮೂಲೆಯಿಂದ ಹೊಸ ಮೊರದ ಜೋಡಿ ತಂದಿಟ್ಟರು. ಒಳಗೆ ಬಳೆ, ಬಿಚ್ಚೋಲೆ, ಕನ್ನಡಿ, ರವಿಕೆ ಬಟ್ಟೆ, ಅಕ್ಕಿ, ಬೇಳೆ, ಬೆಲ್ಲದಚ್ಚು, ಎಲ್ಲ ಜೋಡಿಸಿ ಸಿದ್ಧವಾಗಿತ್ತು. ನಾವು ಬರುವುದು ಅವರಿಗೆ ಗೊತ್ತಿರಲಿಲ್ಲವಲ್ಲ! ಅಜ್ಜಿ ಬೆರಗಾಗಿ ನೋಡಿದಳು.

"ಪ್ರತಿ ವರ್ಸ ಕಟ್ಟುಸ್ತಾರೆ ಕಣತ್ಗೆ. ಹಬ್ಬ ಮುಗಿಯೋಗಂಟ ಇಟ್ಕಂಡಿದ್ದು, ಆಮೇಲೆ ಕಾಲುವೆಗೆ ಬುಟ್ಬುಡ್ತಾರೆ. ಗೌರಮ್ಮನ ಜೊತೆಗೆ," ಅಂದರು ಕೆಂಪಮ್ಮಜ್ಜಿ.

ಅಷ್ಟು ಹೊತ್ತೂ ಗಟ್ಟಿಯಾಗಿದ್ದ ಅಜ್ಜಿ ಆಗ ಅತ್ತಳು. ಮೊರದ ಮೇಲೆ ಸೆರಗು ಮುಚ್ಚಿಕೊಂಡು, ಬಿಕ್ಕಿ ಬಿಕ್ಕಿ ಅತ್ತಳು. ಚನ್ನತಾತ ಪಕ್ಕದಲ್ಲಿ ಕೂತು, ಏನು ಮಾಡುವುದು ತಿಳಿಯದೆ, ಅವಳ ಬೆನ್ನಿಗೆ ಬೀಸಣಿಗೆಯಲ್ಲಿ ಗಾಳಿ ಬೀಸಿದರು.

ಆ ಮಧ್ಯಾಹ್ನವೇ ಹೊಂಬಯ್ಯ ಬಂದು, ಮಾರನೆಯ ಸರದಿಯವನು ಅರ್ಧ ಹೊತ್ತಿನ ನೀರು ಬಿಟ್ಟುಕೊಟ್ಟಿದ್ದಾನೆ ಅಂತ ಹೇಳಿ ಹೋದ. ಅಕ್ಕ ಬಂದವಳೆ ಅಂದ ಮ್ಯಾಲೆ ಪೈರು ಒಣಗಬಾರದು ಅಂದನಂತೆ ಆ ಮನುಷ್ಯ. ನಾವು ಹಬ್ಬ ಮುಗಿಸಿ ಇನ್ನೂ ಎರಡು ದಿನ ಅಲ್ಲೇ ಉಳಿದೆವು. ನಾನೂ ಸವಿತಳೂ ತೆಪ್ಪವನ್ನು ಹಿತ್ತಲಲ್ಲಿ ಬೋರಲು ಹಾಕಿ ಅದರೊಳಗೆ ಮನೆ ಮಾಡಿಕೊಂಡೆವು. ಅವಳ ಒಂದು ಟೇಪು ನನಗೆ ಕೊಟ್ಟಳು. ನೆಲ್ಲಿಕಾಯಿ ತಿಂದು ನೀರು ಕುಡಿದು, ಬಾಯೆಲ್ಲ ಸಿಹಿಯಾಯಿತು ನೋಡು ಅಂತ ಒಬ್ಬರಿಗೊಬ್ಬರು ನಾಲಗೆ ತೋರಿಸಿದೆವು. ಹೊರಡುವಾಗ ಇಬ್ಬರೂ ಒಂದೇ ಕಂಬ ತಬ್ಬಿಕೊಂಡು ಅತ್ತೆವು. ದೊಡ್ಡವರು ಬಿಡಿಸಬೇಕಾಯಿತು.

ಹಿಂದಿರುಗುವಾಗ ಚನ್ನತಾತ ಎತ್ತಿನಗಾಡಿಯನ್ನು ಜಗಲಿಗೇ ಆನಿಸಿ ಅಜ್ಜಿಯನ್ನು, ಮಸ್ತಾನ್ ಸಾಬರನ್ನು, ತೆಪ್ಪವನ್ನು ಹತ್ತಿಸಿಕೊಂಡು, ಜೊತೆಗೆ ತಾವೂ ನಮ್ಮೂರಿಗೆ ಬಂದರು. ಹೊಸಲು ದಾಟಲಿಲ್ಲ. ಅಂಗಳದಲ್ಲೇ ಚಾಪೆ ಹಾಸಿಸಿಕೊಂಡು ಕೂತರು. ನಮ್ಮ ತಾತ ಎಮ್ಮೆ ನೋಡಲು ಎದ್ದರು. ಅಜ್ಜಿ ಗುರ್ರನೆ ಕಣ್ಣು ಬಿಟ್ಟಳು. ತಾತ ತಾವಾಗಿಯೇ ಹೊಸಲು ದಾಟಿ ಬಂದು ಭಾವಮೈದುನನ ಪಕ್ಕದಲ್ಲಿ ಕೂತು ಮುದ್ದೆ ಉಂಡರು. ಆಮೇಲಿನ ವರ್ಷಗಳಲ್ಲೂ ಆಣೆ ಹಾಗೇ ಇತ್ತು. ಅವಳು ಪ್ರತಿ ಗೌರಿಗೆ ತೆಪ್ಪದಲ್ಲಿ ಹೋದಳು, ಅವರು ಪ್ರತಿ ಸಲ ನಮ್ಮ ಅಂಗಳದಲ್ಲಿ ಉಂಡರು. ಕಣ್ಣು ಪೂರ್ತಿ ಹೋದ ಮೇಲೂ ಅವರು ಜೋಡಿತೂಬಿನ ಹತ್ತಿರ ಬಂದು ಕಾದು ಕೂರುತ್ತಿದ್ದರು.

ಈಗ ಆ ಕಾಲುವೆಯಲ್ಲಿ ಕಳೆ ಬೆಳೆದಿದೆ. ಮಸ್ತಾನ್ ಸಾಬರಿಲ್ಲ, ಹೊಂಬಯ್ಯನಿಲ್ಲ, ಅವನ ಕೆಲಸವೇ ಇಲ್ಲ. ಎರಡೂರಿನಲ್ಲೂ ಅವರವರ ಗದ್ದೆಗೆ ಅವರವರ ಬೋರ್‌ವೆಲ್ಲು. ಯಾರೂ ಯಾರ ನೀರನ್ನೂ ಕಟ್ಟುವುದಿಲ್ಲ, ಗುದ್ದಲಿ ಹೊತ್ತು ಯಾರೂ ಯಾರ ಅಂಗಳಕ್ಕೂ ಬರುವುದಿಲ್ಲ. ಒಳ್ಳೆಯದೇ ಅಂದುಕೊಳ್ಳುತ್ತೇನೆ. ಆದರೆ ಜಗಳ ಆಡಬೇಕಾದರೂ ಒಬ್ಬರ ನೀರು ಇನ್ನೊಬ್ಬರ ಮುಂದೆ ಹಾದು ಹೋಗಬೇಕಲ್ಲವೇ? ಅಜ್ಜಿ ತಮ್ಮನನ್ನು ಅಷ್ಟು ವರ್ಷ ಬೈದದ್ದು ಅವನನ್ನು ಅಷ್ಟು ವರ್ಷ ಮರೆಯದೆ ಇದ್ದದ್ದಕ್ಕೆ. ಇದು ನನಗೆ ತಡವಾಗಿ ಹೊಳೆಯಿತು.

ಸವಿತ ಈಗ ಬಿಡದಿಯಲ್ಲಿದ್ದಾಳೆ. ಗಂಡನಿಗೆ ಅಲ್ಲೇ ಕಾರ್ಖಾನೆಯಲ್ಲಿ ಕೆಲಸ. ನಾನು ರಾಮನಗರದಲ್ಲಿದ್ದೇನೆ. ನಡುವೆ ರೈಲಿನಲ್ಲಿ ಕೂತು ಒಂದು ಕಾಫಿ ಕುಡಿದು ಮುಗಿಸುವಷ್ಟು ದೂರ. ಹಬ್ಬದ ಬೆಳಿಗ್ಗೆ ಅವಳ ಫೋನಿನಿಂದ ನನ್ನ ಫೋನಿಗೆ ಬಣ್ಣಬಣ್ಣದ ಗೌರಿಯ ಚಿತ್ರ ಬರುತ್ತದೆ. ನಾನೂ ಎರಡು ಕೈ ಮುಗಿದ ಗುರುತು ಕಳಿಸುತ್ತೇನೆ. ನಮ್ಮಿಬ್ಬರಿಗೂ ಯಾವ ಜಗಳವೂ ಇಲ್ಲ, ಯಾರೂ ಯಾರ ಮೇಲೂ ಆಣೆ ಇಟ್ಟಿಲ್ಲ. ನಾನು ಅವಳ ಮುಖ ನೋಡಿ ಎಷ್ಟು ವರ್ಷವಾಯಿತು ಅಂತ ಮೊನ್ನೆ ಮಗಳು ಕೇಳಿದಳು. ನನಗೆ ನೆನಪಾಗಲಿಲ್ಲ.